ನೀವು ಬೇಡವೆನ್ನದ ಕೋಲು

ಅಪ್ಪಯ್ಯ,

ಮೂವತ್ತೆರಡು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು ನಾನು. ತಂದೆಗೆ ಬರೆಯುವಾಗ ಸಂಬೋಧನೆ ಹೇಗಿರಬೇಕು, ಕ್ಷೇಮಸಮಾಚಾರ ಎಲ್ಲಿ ಬರಬೇಕು, ಸಹಿ ಯಾವ ಬದಿಗೆ ಬೀಳಬೇಕು ಎಂಬುದನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದವಳು. ಆ ಕ್ರಮದಲ್ಲಿಯೇ ಈ ಪತ್ರವನ್ನು ನಾಲ್ಕು ಸಲ ಆರಂಭಿಸಿದೆ. ನಾಲ್ಕು ಸಲವೂ ಹಾಳೆಯನ್ನು ಹರಿದು ಹಾಕಿದೆ. ಕ್ರಮಬದ್ಧವಾದ ಮಾತಿನ ಹಿಂದೆ ಮನುಷ್ಯರು ಎಷ್ಟು ಸುಲಭವಾಗಿ ಅಡಗಿಕೊಳ್ಳಬಹುದು ಎಂಬುದು ಈ ವಯಸ್ಸಿನಲ್ಲಿ ತಿಳಿಯಿತು. ಆದುದರಿಂದ ಬರಿಯ ‘ಅಪ್ಪಯ್ಯ’. ನೀವು ಇದ್ದಾಗ ನಾಲ್ಕು ಜನರ ಎದುರಿಗೆ ಹಾಗೆ ಕರೆಯಲು ನಾಚಿ, ‘ನಮ್ಮ ತಂದೆಯವರು’ ಎನ್ನುತ್ತಿದ್ದೆ. ನೆನಪಿದೆಯೆ?

ನಿಮಗೆ ಒಂದು ಸುದ್ದಿ ತಿಳಿಸಬೇಕಾಗಿದೆ. ಆದರೆ ಅದಕ್ಕೆ ಮೊದಲು, ನಾನು ಮತ್ತು ನೀವು ಎಂದೂ ಬಾಯಿಬಿಟ್ಟು ಆಡದ ಆ ಐದು ದಿನಗಳ ಮಾತನ್ನು ಆಡಬೇಕಾಗಿದೆ.

ಸೌದಿಯ ಧಹ್ರಾನಿನ ವಿಮಾನ ನಿಲ್ದಾಣದಲ್ಲಿ ನೀವು ಹೊರಗೆ ಬಂದ ಗಳಿಗೆ ಈಗಲೂ ಕಣ್ಣಿನಲ್ಲಿದೆ. ಬಿಳಿಯ ಪಂಚೆ, ಕಂದು ಕೋಟು, ಕೈಯಲ್ಲಿ ತಂಬಾಕಿನ ಹಳೆಯ ತಗಡಿನ ಡಬ್ಬಿ. ಸುಂಕದವನು ಅದನ್ನು ತೆರೆಸಿ, ಒಳಗಿದ್ದ ಗರಿ, ದಾರ, ಸಣ್ಣ ಕೊಕ್ಕೆಗಳನ್ನು ಕಂಡು ನಕ್ಕು ಬಿಟ್ಟನೆಂದು ನೀವು ಹೇಳಿದಿರಿ. ನನಗೆ ನಗು ಬರಲಿಲ್ಲ. ಆ ಡಬ್ಬಿಯನ್ನು ನಾನು ಬಾಲ್ಯದಿಂದಲೂ ಬಲ್ಲೆ. ಗಂಗೊಳ್ಳಿಯ ಕಡಲಿನ ಮಗನಾಗಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದವರು ನೀವು. ಹದಿನೇಳನೆಯ ವಯಸ್ಸಿಗೆ ನೀಲಗಿರಿ ಹತ್ತಿ, ಒಂದು ಚಹಾ ತೋಟದ ಬಂಗಲೆಯಲ್ಲಿ ಕೆಲಸಕ್ಕೆ ನಿಂತಿರಿ. ಅಲ್ಲಿನ ದೊರೆಗೆ ಬೆಟ್ಟದ ಕಿರುಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವ ಹುಚ್ಚು. ಎರೆಹುಳುವಲ್ಲ, ಸೀಗಡಿಯಲ್ಲ, ಕೊಕ್ಕೆಗೆ ಗರಿ ಸುತ್ತಿ ನೊಣದಂತೆ ಮಾಡಿ, ನೀರಿನ ಮೇಲೆ ತೇಲಬಿಟ್ಟು ಮೀನನ್ನು ಮರುಳು ಮಾಡುವ ಬಗೆ. ನೀವು ಅವನ ಗಾಳದ ಕೋಲನ್ನು ಹೊರುತ್ತಿದ್ದಿರಿ. ಇಪ್ಪತ್ತೆರಡು ವರ್ಷ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ದಾಯಾದಿಗಳು, ‘ಬಂದ ಕಾಣಿ, ಕೋಳಿಪುಕ್ಕದಲ್ಲ್ ಮೀನ್ ಹಿಡೂ ಗಂಡ್’ ಎಂದು ದಡದಲ್ಲಿ ನಿಂತು ಕೂಗುತ್ತಿದ್ದರು. ನೀವು ನಗುತ್ತಿದ್ದಿರಿ. ನಾನು ಅಜ್ಜಿಯ ಸೆರಗಿನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ.

ಇದನ್ನೆಲ್ಲ ನಿಮಗೆ ತಿಳಿಯದುದೆಂದು ಬರೆಯುತ್ತಿಲ್ಲ. ನನ್ನ ನಾಚಿಕೆ ಎಲ್ಲಿ ಹುಟ್ಟಿತೆಂದು ನಾನೇ ಗುರುತು ಹಾಕಿಕೊಳ್ಳುತ್ತಿದ್ದೇನೆ.

ಅಲ್ ಖೋಬರಿನ ನಮ್ಮ ಮನೆಯಲ್ಲಿ ನೀವು ಒಂದು ತಿಂಗಳು ಕಳೆದಿರಿ. ನಿಮ್ಮ ಅಳಿಯ ನಸುಕಿನಲ್ಲಿಯೇ ತೈಲ ಕಂಪೆನಿಯ ಬಸ್ಸು ಹಿಡಿದು ಅಬ್ಕೈಕಿಗೆ ಹೋಗುವರು. ನಾನೂ ಮಗಳು ಶುಭಾಳೂ ಶಾಲೆಗೆ. ಸಂಜೆ ನಿಮ್ಮನ್ನು ಸಮುದ್ರದ ದಂಡೆಗೆ ಕರೆದೊಯ್ದರೆ ಹತ್ತು ನಿಮಿಷ ಕುಳಿತು, ಎದ್ದುಬಿಡುತ್ತಿದ್ದಿರಿ. ‘ಇಲ್ಲ್ ಹೊಳಿ ಇಲ್ಯಾ ಮಗಾ?’ ಎಂದು ಕೇಳಿದಿರಿ ಒಂದು ದಿನ. ‘ಮರಳುಗಾಡಿನಲ್ಲಿ ಎಂತಹ ಹೊಳೆ ಅಪ್ಪಯ್ಯ? ಇಷ್ಟು ದೊಡ್ಡ ಸಮುದ್ರವಿದೆಯಲ್ಲ’ ಎಂದೆ. ‘ಉಪ್ಪ್ ನೀರಿನ್ ಮೀನ್ ಹೊಟ್ಟಿಗೆ ಮಗಾ. ಸೀ ನೀರಿನ್ ಮೀನ್ ಕಣ್ಣಿಗೆ’ ಎಂದಿರಿ. ಹತ್ತು ವರ್ಷದ ಶುಭಾ ಇಂಗ್ಲಿಷಿನಲ್ಲಿ ಅರ್ಥ ಕೇಳಿದಳು. ನಾನು ಹೇಳಲಿಲ್ಲ. ನಿಮ್ಮ ಕುಂದಾಪುರದ ಮಾತನ್ನು ಮಗು ಕಲಿತುಬಿಟ್ಟೀತು ಎಂಬ ಭಯ ನನಗೆ. ‘ಮಗುವಿನೆದುರು ತಿದ್ದಿ ಮಾತನಾಡಿ’ ಎಂದು ನಿಮಗೇ ಹೇಳಿದ್ದೆನಲ್ಲ!

ಈದ್ ರಜೆಗೆ ಅಭಾಕ್ಕೆ ಹೋಗುವ ಯೋಚನೆ ನಿಮ್ಮ ಅಳಿಯನದು. ತೆಂಕಣ ಬೆಟ್ಟಗಳ ನಡುವಿನ ಊರು. ಜೂನ್ ತಿಂಗಳಿನಲ್ಲಿಯೂ ಸ್ವೆಟರ್ ಬೇಕಾಗುವ ಜಾಗ. ಅಲ್ಲಿಯ ಆಸ್ಪತ್ರೆಯಲ್ಲಿ ಮಂಗಳೂರಿನ ಡಾಕ್ಟರ್ ಶೆಣೈ ಇದ್ದರು. ಅವರ ಮನೆಯ ಪಕ್ಕದಲ್ಲಿಯೇ ನಮಗೊಂದು ಬಾಡಿಗೆಯ ಮನೆಯನ್ನು ಗೊತ್ತುಮಾಡಿದ್ದರು. ಅವರ ಅಣ್ಣ ನಮ್ಮ ಶಾಲೆಯ ಆಡಳಿತ ಸಮಿತಿಯವರು. ಆ ವರ್ಷ ಪ್ರಾಥಮಿಕ ವಿಭಾಗಕ್ಕೆ ಮುಖ್ಯೋಪಾಧ್ಯಾಯಿನಿಯನ್ನು ಆರಿಸುವವರಿದ್ದರು. ನನ್ನ ಹೆಸರು ಎಲ್ಲರ ಬಾಯಲ್ಲಿತ್ತು. ಕೆಲಸಕ್ಕೆ ಸೇರುವಾಗಿನ ಸಂದರ್ಶನದಲ್ಲಿ ಆ ಅಣ್ಣನೇ, ‘ತಂದೆಯವರು ಏನು ಮಾಡಿಕೊಂಡಿದ್ದರು?’ ಎಂದು ಕೇಳಿದ್ದರು. ‘ನೀಲಗಿರಿಯಲ್ಲಿ ಎಸ್ಟೇಟ್ ಮ್ಯಾನೇಜರ್’ ಎಂದಿದ್ದೆ. ಅವರು ಕೇಳಿ ಮುಗಿಸುವ ಮೊದಲೇ ಎಂದಿದ್ದೆ. ಅಷ್ಟು ಸಿದ್ಧವಾಗಿತ್ತು ಆ ಸುಳ್ಳು ನನ್ನ ನಾಲಿಗೆಯ ಮೇಲೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕೈ ಇದು.

ಎರಡು ದಿನದ ದಾರಿ. ರಿಯಾದ್ ದಾಟಿದ ಮೇಲೆ ಮರಳು, ಮತ್ತೆ ಮರಳು, ಪೆಟ್ರೋಲ್ ಬಂಕು, ಒಂಟೆ. ಕಾರಿನಲ್ಲಿ ಕುಳಿತು ನೀವು ಶುಭಾಳಿಗೆ ಹೊಳೆಯ ಬದಿಯಲ್ಲಿ ನಡೆಯುವ ಪಾಠ ಮಾಡಿದಿರಿ. ದೊರೆ ಮುಂದೆ, ಕೋಲು ಹೊರುವವನು ಎರಡು ಹೆಜ್ಜೆ ಹಿಂದೆ. ತನ್ನ ನೆರಳು ನೀರಿಗೆ ಬೀಳಬಾರದು. ಕೋಲಿನ ತುದಿ ಹಿಂದಕ್ಕಿರಬೇಕು, ಕೊಂಬೆಗೆ ತಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಾತನಾಡಬಾರದು. ‘ಹಾಗಾದರೆ ಅಮ್ಮನಿಗೆ ಈ ಕೆಲಸ ಸಿಗುವುದಿಲ್ಲ’ ಎಂದಳು ಶುಭಾ. ನಿಮ್ಮ ಅಳಿಯ ನಕ್ಕ ನಗುವಿಗೆ ಕಾರೇ ಅಲುಗಿತು. ನಾನು ಹಿಂದಕ್ಕೆ ತಿರುಗಿ, ‘ಅಲ್ಲಿ ಶೆಣೈಯವರ ಎದುರು ಈ ಕಥೆಗಳೆಲ್ಲ ಬೇಡ’ ಎಂದೆ. ನೀವು ಕಿಟಕಿಯ ಕಡೆಗೆ ತಿರುಗಿದಿರಿ.

ಅಭಾ ತಲುಪಿದ ಮರುದಿನ ಬೆಳಿಗ್ಗೆ ಡಾಕ್ಟರು ಬಟ್ಟೆಯ ಉದ್ದನೆಯ ಚೀಲವೊಂದನ್ನು ಹಿಡಿದುಕೊಂಡು ಬಂದುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಊರಿಗೆ ಮರಳಿದ ಬ್ರಿಟಿಷ್ ಸಹೋದ್ಯೋಗಿಯೊಬ್ಬರು ಬಿಟ್ಟುಹೋದುದಂತೆ. ‘ಒಂದು ವರ್ಷ ಆಯಿತು ಟೀಚರ್, ಇದನ್ನು ಬೀಸಿ ಬೀಸಿ ನನ್ನ ಕಿವಿಗೇ ನಾಲ್ಕು ಸಲ ಕೊಕ್ಕೆ ಸಿಕ್ಕಿಸಿಕೊಂಡಿದ್ದೇನೆ. ನಮ್ಮ ಕಾಂಪೌಂಡರಿಗೆ ಕೊಕ್ಕೆ ತೆಗೆದು ತೆಗೆದು ಅಭ್ಯಾಸವೇ ಆಗಿದೆ. ನಿಮ್ಮ ತಂದೆಯವರು ನೀಲಗಿರಿಯಲ್ಲಿದ್ದವರು, ಅವರಿಗೆ ಗೊತ್ತುಂಟೋ ಅಂತ...’ ಎಂದರು. ನೀವು ಚೀಲ ಬಿಚ್ಚಿದಿರಿ. ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ, ಜೇನಿನ ಬಣ್ಣದ, ಎರಡು ತುಂಡಿನ ಕೋಲು. ಮೇಲಿನ ತುಂಡಿನ ಹಿತ್ತಾಳೆಯ ಮೂತಿಯನ್ನು ನಿಮ್ಮ ಎಣ್ಣೆಗೂದಲಿಗೆ ಮೆಲ್ಲಗೆ ಉಜ್ಜಿ, ಕೆಳಗಿನ ತುಂಡಿಗೆ ಸೇರಿಸಿದಿರಿ. ಸದ್ದಿಲ್ಲದೆ ಕೂಡಿಕೊಂಡಿತು. ‘ಅರೆ! ನಾನು ಇಷ್ಟು ದಿನ ಇಕ್ಕಳ ಹಿಡಿದು ತಿರುಪುತ್ತಿದ್ದೆನಲ್ಲ ಮಾರಾಯ್ರೆ!’ ಎಂದು ಡಾಕ್ಟರು ಹಣೆ ಚಚ್ಚಿಕೊಂಡರು.

ಆ ಹೊಳೆ! ಕಣಿವೆಯ ತಳದಲ್ಲಿ, ಕಣಗಿಲೆ ಪೊದೆಗಳ ನಡುವೆ, ಬಂಡೆಯಿಂದ ಬಂಡೆಗೆ ಇಳಿಯುವ, ಮೊಣಕಾಲಿನಷ್ಟು ನೀರು. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹೊಲ. ಎದುರಿನ ಬಂಡೆಯ ಮೇಲೆ ಕೋತಿಗಳ ಸಂಸಾರ. ಡಾಕ್ಟರ ಹೆಂಡತಿ ಉಷಾ ಶೆಣೈಯವರು ತಂದ ಇಡ್ಲಿಯ ಡಬ್ಬಿಯ ಮೇಲೆಯೇ ಅವುಗಳ ಕಣ್ಣು. ನಾವು ಹೆಂಗಸರು ಅಬಾಯಾದ ಕರಿಯ ನಿಲುವಂಗಿ ಮುದುರಿಕೊಂಡು ಚಾಪೆಯ ಮೇಲೆ ಕುಳಿತಿದ್ದೆವು. ನೀವು ಪಂಚೆ ಎತ್ತಿ ಕಟ್ಟಿ, ನೀರಿನಿಂದ ದೂರವೇ ನಿಂತು, ಬಹಳ ಹೊತ್ತು ಬರಿದೇ ನೋಡಿದಿರಿ. ಆಮೇಲೆ ಕೋಲು ಒಮ್ಮೆ ಹಿಂದಕ್ಕೆ ಹೋಯಿತು, ತಡೆದು ನಿಂತಿತು, ಮುಂದಕ್ಕೆ ಬಂದಿತು. ಹುರಿ ಗಾಳಿಯಲ್ಲಿ ಬಿಚ್ಚಿಕೊಂಡು, ಹಾಸಿಗೆಯ ಮೇಲೆ ದುಪ್ಪಟಿ ಬೀಳುವಂತೆ ನೀರಿನ ಮೇಲೆ ಮಲಗಿತು. ಅಪ್ಪಯ್ಯ, ಬರವಣಿಗೆಯಲ್ಲಿ ಉತ್ಪ್ರೇಕ್ಷೆಯನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದವಳು. ಆದರೂ ಬರೆಯುತ್ತೇನೆ: ಮನುಷ್ಯನ ಕೈಯಿಂದ ಅಷ್ಟು ಸುಂದರವಾದ ಕೆಲಸವನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ. ನಿಮ್ಮನ್ನು ಆ ಕೆಲಸದಲ್ಲಿ ನಾನು ನೋಡಿದ್ದು ಅದೇ ಮೊದಲು. ಅದೇ...

ಗೇಣುದ್ದದ ಮೀನೊಂದು ಎದ್ದು ಕಚ್ಚಿತು. ನೀವು ಕೈಯನ್ನು ನೀರಿನಲ್ಲಿ ಅದ್ದಿದ ಮೇಲೆಯೇ ಅದನ್ನು ಮುಟ್ಟಿದಿರಿ. ‘ಒಣ ಕೈ ಮೀನಿಗೆ ಬೆಂಕಿ ಇದ್ದಂಗೆ’ ಎಂದು ಶುಭಾಳಿಗೆ ಹೇಳುತ್ತ. ‘ಇದು ಟ್ರೌಟಾ ಅಜ್ಜಯ್ಯ?’ ‘ಅಲ್ಲ ಮಗಾ. ಆರೆ ಅದ್ರ ಬಡ ನೆಂಟ. ಬಡವರಿಗೇ ಹಸಿವ್ ಜಾಸ್ತಿ, ಅದ್ಕೇ ಬಂತ್.’ ಹಾಗೆಂದು ಅದನ್ನು ನೀರಿಗೆ ಬಿಟ್ಟಿರಿ. ‘ಅಯ್ಯೋ, ಸಾರಿಗಾಗ್ತಿತ್ತು!’ ಎಂದು ಚಾಪೆಯ ಮೇಲಿಂದ ಉಷಾ ಕೂಗಿದರು. ಡಾಕ್ಟರಿಗಂತೂ ಕೋಲು ಹಿಡಿಯುವ ಆತುರ. ನೀವು ಅವರ ಬೆನ್ನಹಿಂದೆ ನಿಂತು ಕೈ ತಿದ್ದಿದಿರಿ. ‘ಕಾಣಿ ಡಾಕ್ಟ್ರೆ, ಕೋಳಿಮರಿ ಹಿಡ್ದಂಗೆ ಹಿಡ್ಕಣಿ. ಬಿಗಿ ಮಾಡ್ರೆ ಸಾಯತ್ತ್, ಸಡ್ಲ ಬಿಟ್ರೆ ಓಡತ್ತ್.’ ಮಧ್ಯಾಹ್ನದ ಹೊತ್ತಿಗೆ ಅವರ ಹುರಿಯೂ ನೀರಿನ ಮೇಲೆ ಮಲಗತೊಡಗಿತು. ಅವರು ಪುಟ್ಟ ಮಗುವಿನ ಹಾಗೆ ಕುಣಿದು ಕೇಳಿದರು: ‘ಎಲ್ಲಿ ಕಲಿತದ್ದು ಸರ್ ನೀವು ಇದನ್ನು?’

ನೀವು ನಗುತ್ತ ಬಾಯಿ ತೆರೆದಿರಿ. ‘ನಾನ್ ಅಲ್ಲ್ ದೊರೀದ್...’

‘ನಮ್ಮ ತಂದೆಯವರು ಮ್ಯಾನೇಜರ್ ಆಗಿದ್ದಾಗ ಭಾನುವಾರಗಳಂದು ಹವ್ಯಾಸಕ್ಕೆಂದು ಕಲಿತರು’ ಎಂದು ನಾನು ಚಾಪೆಯಿಂದ ಎದ್ದು ನಿಂತು ಹೇಳಿದೆ. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ನನ್ನ ಧ್ವನಿಯಲ್ಲಿ.

ನೀವು ನನ್ನನ್ನು ನೋಡಿದಿರಿ. ಕೋಪವಿರಲಿಲ್ಲ, ಅದಿದ್ದರೆ ಇಂದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ‘ಹೌದ್’ ಎಂದಿರಿ. ಜೀವಮಾನದಲ್ಲಿ ನೀವು ಹೇಳಿದ ಒಂದೇ ಸುಳ್ಳು ಅದು ಎಂದು ನಾನು ಬಲ್ಲೆ. ಅದನ್ನೂ ನನಗಾಗಿ ಹೇಳಿದಿರಿ.

ಅಷ್ಟಕ್ಕೇ ಮುಗಿದಿದ್ದರೆ! ಹಿಂದಿರುಗುವ ಮುನ್ನ ಡಾಕ್ಟರು ಪಾಚಿಯ ಬಂಡೆಯ ಮೇಲೆ ಜಾರಿ ಸೊಂಟದವರೆಗೆ ನೀರಿನಲ್ಲಿ ಕುಳಿತರು. ಎಲ್ಲರೂ ನಕ್ಕರು, ಅವರೂ ನಕ್ಕರು, ಕೋತಿಗಳೂ ಕಿರುಚಿದವು. ಅವರು ದಡಕ್ಕೆ ಬಂದು ಕಲ್ಲಿನ ಮೇಲೆ ಕುಳಿತದ್ದೇ ತಡ, ನೀವು ಅವರ ಎದುರು ಮಂಡಿಯೂರಿದಿರಿ. ಒದ್ದೆಯಾಗಿ ಬಿಗಿದುಕೊಂಡಿದ್ದ ಬೂಟಿನ ಗಂಟನ್ನು ಎರಡು ಬೆರಳಿನಲ್ಲಿ ಬಿಚ್ಚಿ, ಬೂಟನ್ನು ಕವುಚಿ ನೀರು ಚೆಲ್ಲಿ, ಕಾಲುಚೀಲ ಕಳಚಿ ಹಿಂಡಿ, ಅವರ ಪಾದವನ್ನು ನಿಮ್ಮ ತೊಡೆಯ ಮೇಲಿಟ್ಟುಕೊಂಡು ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದಿರಿ. ಏನನ್ನು ಹುಡುಕುತ್ತಿದ್ದಿರಿ ಎಂದು ನನಗೆ ತಕ್ಷಣ ತಿಳಿಯಿತು. ಇಂಬಳ. ನೀಲಗಿರಿಯ ಹೊಳೆಯಿಂದ ಮೇಲೆ ಬಂದ ದೊರೆಯ ಕಾಲಿನಲ್ಲಿ ರಕ್ತ ಹೀರುವ ಇಂಬಳ ಹುಡುಕುವುದು ಕೋಲು ಹೊರುವವನ ದಿನದ ಕೊನೆಯ ಕೆಲಸ. ಅರಬ್ಬರ ನಾಡಿನ ಆ ಒಣ ಬೆಟ್ಟದಲ್ಲಿ ಎಲ್ಲಿಯ ಇಂಬಳ ಅಪ್ಪಯ್ಯ? ಕೈಗೆ ಗೊತ್ತಿದ್ದುದನ್ನು ಕೈ ಮಾಡುತ್ತಿತ್ತು. ನಿಮ್ಮ ಮುಖದಲ್ಲಿ ದಿನವಿಡೀ ಇದ್ದ ನೆಮ್ಮದಿಯೇ ಆಗಲೂ ಇತ್ತು.

ಉಷಾ ಶೆಣೈ ನೋಡುತ್ತಿದ್ದರು. ‘ಅಪ್ಪಯ್ಯ, ಏಳಿ!’ ಎಂದೆ. ಅವರೆಲ್ಲರೆದುರು ನಾನು ‘ಅಪ್ಪಯ್ಯ’ ಎಂದದ್ದು ಅದೊಂದೇ ಸಲ, ಅದೂ ಗದರುವುದಕ್ಕೆ.

ಆ ಸಂಜೆ ಬಾಡಿಗೆಯ ಮನೆಯ ಅಡುಗೆಕೋಣೆಯಲ್ಲಿ ನಾನು ನಿಮಗೆ ಏನು ಹೇಳಿದೆನೆಂಬುದನ್ನು ಇಲ್ಲಿ ಮತ್ತೆ ಬರೆಯಲಾರೆ. ನಾಳೆಯಿಂದ ಹೊಳೆಗೆ ಬರುವುದು ಬೇಡ, ಕೇಳಿದವರಿಗೆ ಜ್ವರವೆಂದು ಹೇಳುತ್ತೇನೆ ಎಂಬುದು ಅದರ ಸಾರಾಂಶ. ‘ಆಯ್ತ್ ಮಗಾ. ನಂಗೂ ಮಂಡಿ ನೋವ್’ ಎಂದಿರಿ. ನಿಮ್ಮ ಅಳಿಯ ಅಷ್ಟನ್ನೂ ಕೇಳಿಸಿಕೊಂಡು, ನನ್ನೊಡನೆ ಮೂರು ದಿನ ಮಾತು ಬಿಟ್ಟರು. ಅದರ ಕಾರಣ ತಿಳಿಯದವಳ ಹಾಗೆ ನಾನೂ ನಟಿಸಿದೆ.

ಮೂರು ದಿನ ನೀವು ಕಿಟಕಿಯ ಬಳಿ ಕುಳಿತು ಗರಿಯ ನೊಣಗಳನ್ನು ಕಟ್ಟಿದಿರಿ. ಕೋಳಿ ಮಾರುವವನ ಅಂಗಡಿಯಿಂದ ಶುಭಾ ಹೆಕ್ಕಿ ತಂದ ಗರಿ, ನನ್ನ ಸ್ವೆಟರಿನ ತೋಳಿನಿಂದ ಎಳೆದ ಕೆಂಪು ಎಳೆ. ನಾವು ಹೊಳೆಗೆ ಹೋಗುತ್ತಿದ್ದೆವು, ಬರುತ್ತಿದ್ದೆವು. ಮೇಲಿನ ಹೊಲದ ಮುದುಕನೊಬ್ಬ, ರುಮಾಲಿನಲ್ಲಿ ಹಸಿರು ಸೊಪ್ಪು ಸಿಕ್ಕಿಸಿಕೊಂಡವನು, ಕಾಫಿಯ ಹೂಜಿ ಹಿಡಿದುಕೊಂಡು ಇಳಿದು ಬಂದು ‘ವೇನ್ ಶೇಬಾ? ವೇನ್ ಶೇಬಾ?’ ಎನ್ನುತ್ತಿದ್ದ. ಆ ಹಿರಿಯರು ಎಲ್ಲಿ ಎಂದು. ಒಂದೇ ದಿನ ದೂರದಿಂದ ನಿಮ್ಮನ್ನು ನೋಡಿದ್ದನಷ್ಟೆ. ಅವನಿಗೂ ಜ್ವರವೆಂದೇ ಸನ್ನೆ ಮಾಡಿದೆ.

ಐದನೆಯ ದಿನದ ಮಧ್ಯಾಹ್ನ ಡಾಕ್ಟರು ಬಂದರು. ಬಾಗಿಲಲ್ಲಿಯೇ ನಿಂತರು. ಕೈಯಲ್ಲಿ ಆ ಬಟ್ಟೆಯ ಚೀಲ. ‘ಜ್ವರ ಹೇಗುಂಟು? ನಾನೊಮ್ಮೆ ನೋಡಲಾ?’ ಎಂದರು. ಮಲಗಿದ್ದಾರೆ ಎಂದೆ. ಅವರು ಸ್ವಲ್ಪ ಸಂಕೋಚದಿಂದ ಚೀಲವನ್ನು ಮುಂದೆ ಚಾಚಿದರು. ‘ಇದು ಅವರಿಗೆ, ಟೀಚರ್. ನನ್ನ ಕೈಯಲ್ಲಿ ಇದು ಬರೀ ದೊಣ್ಣೆ. ಅವರ ಕೈಗೆ ಹೋಗಬೇಕಾದ ವಸ್ತು. ಅವರಿಗೆ ಕೊಟ್ಟರೆ ನನಗೆ ಸಮಾಧಾನ ಆಗ್ತದೆ.’

ಇಪ್ಪತ್ತೆರಡು ವರ್ಷ ಬೇರೆಯವರ ಕೋಲು ಹೊತ್ತು ನಡೆದವರು ನೀವು. ನಿಮ್ಮದೆಂದು ಒಂದು ಕೋಲು ನಿಮಗೆ ಎಂದೂ ಇರಲಿಲ್ಲ. ದೊರೆ ಊರಿಗೆ ಹೋಗುವಾಗ ತಂಬಾಕಿನ ಖಾಲಿ ಡಬ್ಬಿ ಕೊಟ್ಟು ಹೋದ. ಕೋಲುಗಳನ್ನು ಹಡಗಿಗೆ ಹೇರಿದ. ಇದೆಲ್ಲ ನನಗೆ ತಿಳಿದಿತ್ತು. ತಿಳಿದೂ ನನಗೆ ಆ ಬಾಗಿಲಲ್ಲಿ ಕಂಡದ್ದೇನು? ಬೂಟು ಬಿಚ್ಚಿದ ಆಳಿಗೆ ಧಣಿ ಕೊಡುವ ಇನಾಮು. ಅಷ್ಟೇ ಕಂಡಿತು. ‘ಕ್ಷಮಿಸಿ ಡಾಕ್ಟರೇ. ನಮ್ಮ ತಂದೆಯವರಿಗೆ ಅದರ ಆವಶ್ಯಕತೆ ಇಲ್ಲ. ಅವರ ಬಳಿ ಇಂತಹವು ಬೇಕಾದಷ್ಟಿವೆ’ ಎಂದೆ. ಶುದ್ಧವಾದ, ತಪ್ಪಿಲ್ಲದ ವಾಕ್ಯಗಳು. ಅವರ ಮುಖ ಸಣ್ಣದಾಯಿತು. ಚೀಲವನ್ನು ಮಡಿಲಿನ ಮಗುವಿನಂತೆ ಹಿಡಿದುಕೊಂಡು ಹೊರಟುಹೋದರು.

ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು ಎಂಬುದು ನನಗೆ ಗೊತ್ತಾದದ್ದು ಮರುದಿನ. ಕಾರಿಗೆ ಸಾಮಾನು ತುಂಬುತ್ತಿದ್ದೆವು. ನೀವು ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಹೇಳಿದಿರಿ: ‘ಒಳ್ಳೆ ಕೋಲ್ ಮಗಾ ಅದ್. ಒದ್ದಿ ಇದ್ದಂಗೇ ಚೀಲಕ್ಕ್ ಹಾಕ್ಬೇಡಿ, ಡೊಂಕಾತ್ತ್ ಅಂದ್ ಡಾಕ್ಟ್ರಿಗೊಂದ್ ಮಾತ್ ಹೇಳ್.’

ಅದೊಂದೇ ಮಾತು. ನನಗೆ ಬೇಡವೆಂದು ನೀನೇಕೆ ಹೇಳಿದೆ ಎಂದು ಕೇಳಲಿಲ್ಲ. ಕೋಲು ಕೆಡಬಾರದು ಎಂಬುದಷ್ಟೇ ನಿಮ್ಮ ಚಿಂತೆ. ಆ ಮಾತನ್ನು ನಾನು ಡಾಕ್ಟರಿಗೆ ತಲುಪಿಸಲಿಲ್ಲ. ತಲುಪಿಸಿದರೆ ನೀವು ಎಲ್ಲವನ್ನೂ ಕೇಳಿಸಿಕೊಂಡಿದ್ದಿರಿ ಎಂದು ನಾನು ಒಪ್ಪಿಕೊಂಡಂತಾಗುತ್ತಿತ್ತು. ಅಷ್ಟು ಸಣ್ಣ ಧೈರ್ಯವೂ ಇಲ್ಲದವಳು ನಾನು.

ವೀಸಾ ಇನ್ನೂ ಒಂದೂವರೆ ತಿಂಗಳಿತ್ತು. ಖೋಬರಿಗೆ ಮರಳಿದ ವಾರದಲ್ಲಿಯೇ ‘ಊರಿಗ್ ಹೋತೆ ಮಗಾ’ ಎಂದಿರಿ. ಇನ್ನೂ ಸ್ವಲ್ಪ ದಿನ ಇರಿ ಎಂದು ಒಂದು ಸಲ ಹೇಳಿದೆ. ಒಂದೇ ಸಲ. ಎರಡನೆಯ ಸಲ ಹೇಳಿದ್ದರೆ ಉಳಿಯುತ್ತಿದ್ದಿರೋ ಏನೋ. ಮರುವರ್ಷದ ಮಳೆಗಾಲದಲ್ಲಿ ತಂತಿ ಬಂದಿತು. ಶಾಲೆಯಲ್ಲಿ ವಾರ್ಷಿಕೋತ್ಸವ, ನಾನು ಆಗ ಮುಖ್ಯೋಪಾಧ್ಯಾಯಿನಿ. ನಮ್ಮನ್ನು ಕೆಲಸಕ್ಕಿಟ್ಟುಕೊಂಡ ಕಫೀಲನ ಸಹಿಯಾಗಿ ಪಾಸ್‌ಪೋರ್ಟ್ ಕೈಗೆ ಬರುವುದಕ್ಕೆ ಐದು ದಿನ ತಗಲಿತು. ನಾನು ಬಂದಾಗ ನೀವು ಬೂದಿಯಾಗಿದ್ದಿರಿ. ಶ್ರದ್ಧಾಂಜಲಿಯ ಸಭೆಯಲ್ಲಿ ನನ್ನ ಸಹೋದ್ಯೋಗಿಗಳು ‘ಎಸ್ಟೇಟ್ ಮ್ಯಾನೇಜರ್ ಆಗಿದ್ದ’ ತಮ್ಮ ಮುಖ್ಯೋಪಾಧ್ಯಾಯಿನಿಯ ತಂದೆಗಾಗಿ ಒಂದು ನಿಮಿಷ ಮೌನವಾಗಿ ನಿಂತರಂತೆ. ಯಾರಿಗಾಗಿ ನಿಂತರು ಅವರು? ಅಂತಹವನೊಬ್ಬ ಇರಲೇ ಇಲ್ಲವಲ್ಲ.

ಈಗ ಸುದ್ದಿ. ಕಳೆದ ತಿಂಗಳು ಶುಭಾ ಹಳೆಯ ಪೆಟ್ಟಿಗೆಯನ್ನು ತೆರೆದು ನಿಮ್ಮ ತಗಡಿನ ಡಬ್ಬಿಯನ್ನು ನನ್ನ ಮುಂದಿಟ್ಟಳು. ಅದು ಅವಳ ಬಳಿ ಇದೆಯೆಂದೇ ನನಗೆ ತಿಳಿದಿರಲಿಲ್ಲ. ಹೊರಡುವ ದಿನ ನೀವು ಅವಳಿಗೆ ಕೊಟ್ಟಿದ್ದಿರಂತೆ. ಹೆಚ್ಚಿನ ಗರಿಗಳನ್ನು ಹುಳ ತಿಂದಿದೆ. ನೀವು ಕಟ್ಟಿದ ನೊಣಗಳಲ್ಲಿ ಎರಡು ಮಾತ್ರ ಉಳಿದಿವೆ. ಎರಡರಲ್ಲಿಯೂ ನನ್ನ ಸ್ವೆಟರಿನ ಕೆಂಪು ಎಳೆ. ‘ಅಜ್ಜಯ್ಯ ಕೋಪ ಮಾಡಿಕೊಂಡಿದ್ದರಾ ಅಮ್ಮ?’ ಎಂದು ಕೇಳಿದಳು. ಐವತ್ತು ದಾಟಿದ ಮಗಳ ಎದುರು ನಾನು ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವಳು ಸಮಾಧಾನದ ಮಾತನ್ನು ಆಡಲಿಲ್ಲ. ನನ್ನ ಮಗಳೇ ಸರಿ. ‘ಡಾಕ್ಟರ್ ಅಂಕಲ್ ಮಂಗಳೂರಿನಲ್ಲಿಯೇ ಇದ್ದಾರೆ. ಹೋಗಿ ಅವರಿಗೆ ಹೇಳು’ ಎಂದಳು.

ಹೋದೆ ಅಪ್ಪಯ್ಯ. ಅವರಿಗೆ ಈಗ ಕಿವಿ ಮಂದ. ಆದುದರಿಂದ ನನ್ನ ತಪ್ಪನ್ನು ಎರಡೆರಡು ಸಲ, ಗಟ್ಟಿಯಾಗಿ, ಬೀದಿಗೆ ಕೇಳಿಸುವ ಹಾಗೆ ಹೇಳಬೇಕಾಯಿತು. ನನಗೆ ತಕ್ಕ ಶಿಕ್ಷೆ. ‘ನಮ್ಮ ತಂದೆ ಮ್ಯಾನೇಜರ್ ಅಲ್ಲ. ದೊರೆಯ ಗಾಳದ ಕೋಲು ಹೊರುತ್ತಿದ್ದರು.’ ‘ಎಂತ?’ ‘ಕೋಲು! ಹೊರುತ್ತಿದ್ದರು!’ ಅವರು ಕಣ್ಣು ಅರಳಿಸಿ, ‘ಹಾಗಾದರೆ ನನಗೆ ಕಲಿಸಿದ್ದು ಸರಿಯಾದ ಜನವೇ! ಮ್ಯಾನೇಜರುಗಳು ಫೋಟೋಕ್ಕೆ ಬೀಸುವುದು ಟೀಚರ್, ಮೀನಿಗಲ್ಲ’ ಎಂದರು. ಒಳಗಿನಿಂದ ಬಂದ ಉಷಾ, ‘ಬೂಟು ಬಿಚ್ಚಿದ ದಿನವೇ ನನಗೆ ಗೊತ್ತಾಗಿತ್ತು. ಈ ಮನುಷ್ಯನಿಗೆ ಹೇಳಿದರೆ ಊರಿಡೀ ಹೇಳಿಕೊಂಡು ಬರ್ತಾರೆ, ನಿಮಗೆ ಬೇಸರ ಆಗ್ತದೆ ಅಂತ ಸುಮ್ಮನಿದ್ದೆ’ ಎಂದರು. ಅಷ್ಟು ವರ್ಷ ನಾನು ಮುಚ್ಚಿಟ್ಟದ್ದನ್ನು, ನನ್ನ ಮುಖ ನೋಡಿ, ಅವರೂ ಮುಚ್ಚಿಟ್ಟಿದ್ದರು. ಯಾರಿಗೆ ಹೆದರಿ ನಿಮ್ಮನ್ನು ಕಿಟಕಿಯ ಬಳಿ ಕೂರಿಸಿದೆನೋ ಅವರು ಹೆದರಬೇಕಾದ ಜನರೇ ಆಗಿರಲಿಲ್ಲ.

ಡಾಕ್ಟರು ಅಟ್ಟದಿಂದ ಆ ಚೀಲವನ್ನು ಇಳಿಸಿ ತರಿಸಿದರು. ಅಂದು ನಮ್ಮ ಬಾಗಿಲಿನಿಂದ ಹೋದವರು ಒಂದೇ ಒಂದು ಸಲ ಹೊಳೆಗೆ ಹೋಗಿದ್ದರಂತೆ. ಮಳೆ ಬಂದಿತ್ತಂತೆ. ಒದ್ದೆಯಾಗಿದ್ದ ಹಾಗೆಯೇ ಕೋಲನ್ನು ಚೀಲಕ್ಕೆ ಹಾಕಿ ಕಟ್ಟಿಟ್ಟರಂತೆ. ಅಪ್ಪಯ್ಯ, ಮೇಲಿನ ತುಂಡು ಬಾಗಿದೆ. ನೀವು ಹೇಳಿದ್ದಿರಿ. ಒಂದು ಮಾತು, ಒಂದೇ ವಾಕ್ಯ, ನಾನು ದಾಟಿಸಲಿಲ್ಲ.

ಈ ಸಲ ಅವರು ಚೀಲವನ್ನು ಚಾಚಿದಾಗ ನಾನು ಎರಡೂ ಕೈ ನೀಡಿ ತೆಗೆದುಕೊಂಡೆ. ‘ನಮ್ಮ ಅಪ್ಪಯ್ಯನ ಪರವಾಗಿ’ ಎಂದೆ. ಆ ಮನೆಯವರ ಎದುರು, ಗದರುವುದಕ್ಕಲ್ಲದೆ.

ಬರುವ ತಿಂಗಳು ಶುಭಾ ನನ್ನನ್ನು ನೀಲಗಿರಿಗೆ ಕರೆದೊಯ್ಯುತ್ತಾಳೆ. ನಿಮ್ಮ ಹೊಳೆ ಯಾವುದೆಂದು ನನಗೆ ಗೊತ್ತಿಲ್ಲ. ನಾನು ಎಂದೂ ಕೇಳಿರಲಿಲ್ಲವಲ್ಲ. ಯಾವುದಾದರೊಂದು ಕಿರುಹೊಳೆಯ ಬದಿಯಲ್ಲಿ ಇಳಿಯುತ್ತೇವೆ. ಕೋಲಿನ ಮೂತಿಯನ್ನು ತಲೆಗೂದಲಿಗೆ ಉಜ್ಜಿ ಜೋಡಿಸುತ್ತೇನೆ. ಅದಕ್ಕೆಂದೇ ಆ ಬೆಳಿಗ್ಗೆ ಎಣ್ಣೆ ಹಚ್ಚಿಕೊಳ್ಳುತ್ತೇನೆ. ಬೀಸಲು ನನಗೆ ಬಾರದು, ಈ ಕೋಲಿಗೂ ಇನ್ನು ಆಗದು. ಆದರೆ ಹೊರಲು ಬರುತ್ತದೆ. ತುದಿ ಹಿಂದಕ್ಕಿರುತ್ತದೆ, ಕೊಂಬೆಗೆ ತಾಗಿಸುವುದಿಲ್ಲ. ನನ್ನ ನೆರಳು ನೀರಿಗೆ ಬೀಳದಂತೆ ನೋಡಿಕೊಳ್ಳುತ್ತೇನೆ. ಒಂದು ಮಾತನ್ನೂ ಆಡುವುದಿಲ್ಲ.

ನೀವು ಮುಂದೆ ನಡೆಯಿರಿ ಅಪ್ಪಯ್ಯ. ನಾನು ಎರಡು ಹೆಜ್ಜೆ ಹಿಂದೆ ಇರುತ್ತೇನೆ.

ಸರೋಜ